ಗಂಟೆಗೆ ಏಳು ನಿಮಿಷ

ನಮ್ಮ ಮನೆಯ ಮುದಿ ಕಂಪ್ಯೂಟರಿಗೆ ಯೌವನ ಮರಳಿಸುವ ಭಾರವನ್ನು ಒಂದು ಭಾನುವಾರ ಬೆಳಿಗ್ಗೆ ನಾನೇ ಹೊತ್ತುಕೊಂಡೆ. ಯಾರೂ ಕೇಳಿರಲಿಲ್ಲ, ನಿಜ. ಮಹತ್ಕಾರ್ಯಗಳನ್ನು ಯಾರಾದರೂ ಕೇಳಿ ಮಾಡಿಸುತ್ತಾರೆಯೇ!

ಕಾಲೇಜಿನ ಪ್ರಾಜೆಕ್ಟಿಗೆ ನಾನು ಬರೆದ ಪ್ರೋಗ್ರಾಮು ಅದರಲ್ಲಿ ಮುಗಿಯಲು ಸರಿಯಾಗಿ ಮೂರು ಗಂಟೆ ಬೇಕು. ಮದರ್‌ಬೋರ್ಡಿನ ಮೂಲೆಯಲ್ಲಿ ಅಂಗಿಯ ಗುಂಡಿಯಷ್ಟೇ ಇರುವ ಬೆಳ್ಳಿಬಣ್ಣದ ಡಬ್ಬಿಯೊಂದಿದೆ. ಅದರೊಳಗಿನ ಹರಳು ಮಿಡಿದಂತೆ ಇಡೀ ಯಂತ್ರ ಹೆಜ್ಜೆ ಹಾಕುತ್ತದೆ. ಸೆಕೆಂಡಿಗೆ ಒಂದೂವರೆ ಕೋಟಿ ಸಲವೂ ಮಿಡಿಯಲಾರದ ಸೋಮಾರಿ! ಅದನ್ನು ಕಿತ್ತು ಇನ್ನೂ ಬೇಗ ಮಿಡಿಯುವ ಹರಳನ್ನು ಕೂರಿಸಿದರೆ ಮುಗಿಯಿತು.

ಕೀಳಲು, ಕೂರಿಸಲು ಬೇಕಾದ ಬೆಸುಗೆ ಕಡ್ಡಿ ಅಮ್ಮನದು. ಅಮ್ಮ ಗಡಿಯಾರ ರಿಪೇರಿಯವಳು. ಮನೆಯ ಮುಂದಿನ ಕೋಣೆಯೇ ಅಂಗಡಿ, ಕಂಪ್ಯೂಟರೂ ಅಲ್ಲೇ. ಉಸಿರು ತಾಗಿದರೆ ಹಾರಿಹೋಗುವ ತಿರುಪುಗಳು ಅವಳ ಚಿಮಟಕ್ಕೆ ಸಾಕಿದ ಹಕ್ಕಿಗಳಂತೆ ಬಂದು ಕೂರುತ್ತವೆ.

"ಕಡ್ಡಿ ಏನಕ್ಕೆ?"

"ಕಂಪ್ಯೂಟರ್ ನಾಡಿ ಜೋರು ಮಾಡ್ತೀನಿ ಅಮ್ಮ."

"ನಾಡಿ ಜೋರಾದ್ರೆ ಅದಕ್ಕೆ ಜ್ವರ ಅಂತಾರೆ ಕಣೇ."

ಎರಡು ಬೆರಳು ಸುಟ್ಟುಕೊಂಡು ಹರಳು ಕೂರಿಸಿದೆ. ಯಂತ್ರ ಎದ್ದಿತು! ಪರದೆಯಲ್ಲಿ ಹತ್ತು ಗಂಟೆ ತೋರಿಸುತ್ತಿದ್ದಾಗ ಪ್ರೋಗ್ರಾಮು ಓಡಿಸಿದೆ. ಮುಗಿದಾಗ ಅದೇ ಪರದೆ ಹೇಳಿತು: ಒಂದು ಗಂಟೆ. ಮತ್ತದೇ ಮೂರು ಗಂಟೆ! ಒಂದು ನಿಮಿಷವೂ ಉಳಿದಿರಲಿಲ್ಲ. ಮುಖ ಬಾಡಿಸಿಕೊಂಡು ಮಲಗಿಬಿಟ್ಟೆ.

ಈ ನಡುವೆ, ಹನ್ನೆರಡರ ಸುಮಾರಿಗೆ, ಬಸ್ಸಿನ ಡ್ರೈವರ್ ಬಂದು ರಿಪೇರಿಗೆ ಕೊಟ್ಟಿದ್ದ ಕೈಗಡಿಯಾರ ಒಯ್ದಿದ್ದರು. ಅಮ್ಮ ಪರದೆ ನೋಡಿಯೇ ಮುಳ್ಳು ತಿರುಗಿಸಿ ಕೊಟ್ಟಿದ್ದಳು. ಗೋಡೆ ಗಡಿಯಾರಕ್ಕೆ ನಿವೃತ್ತಿ ಕೊಡಿಸಿ ಆ ಹೊಸ ಪದ್ಧತಿ ತಂದ ಸುಧಾರಕಿ ನಾನೇ!

ನಾಲ್ಕು ಗಂಟೆಗೆ ಡ್ರೈವರ್ ಬಿರುಗಾಳಿಯಂತೆ ನುಗ್ಗಿದರು. "ಏನಮ್ಮಾ, ನನ್ನ ಅನ್ನಕ್ಕೇ ಕಲ್ಲು ಹಾಕಿದ್ರಲ್ಲ! ಒಂದು ಗಂಟೆ ಬಸ್ಸು ಹದಿನಾಲ್ಕು ನಿಮಿಷ ಮೊದಲೇ ಹೊರಟಿದೆಯಂತೆ. ಹತ್ತೊಂಬತ್ತು ಜನ ಖಾಲಿ ರಸ್ತೆ ನೋಡ್ತಾ ನಿಂತಿದ್ರಂತೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದುಬಿಟ್ರು!"

"ಕಂಪ್ಯೂಟರ್ ತಪ್ಪು ಹೇಳಲ್ಲ," ಎಂದೆ ನಾನು, ಗಂಭೀರವಾಗಿ.

ಅಮ್ಮ ಡ್ರಾಯರ್ ಎಳೆದಳು. ಗಿರಾಕಿಗಳ ಎಂಟು ಗಡಿಯಾರಗಳೂ ಒಕ್ಕೊರಲಿನಿಂದ ನಾಲ್ಕು ಎಂದವು. ಪರದೆಯಲ್ಲಿ ನಾಲ್ಕು ನಲವತ್ತೆರಡು! ಅಮ್ಮ ಗಡಿಯಾರಗಳನ್ನು ನೋಡಿದಳು, ಪರದೆ ನೋಡಿದಳು, ಆಮೇಲೆ ನನ್ನನ್ನು.

"ನಿನ್ನ ಪ್ರೋಗ್ರಾಮಿಗೆ ಎಷ್ಟು ಹೊತ್ತು ಹಿಡೀತು?"

"ಅದೇ ಮೂರು ಗಂಟೆ."

"ಯಾರು ಹೇಳಿದ್ದು?"

"ಕಂಪ್ಯೂಟ..."

"ಆ ಹರಳು ಅದರ ಗಡಿಯಾರಾನೂ ಓಡಿಸಿದೆ ಕಣೇ, ಗಂಟೆಗೆ ಏಳು ನಿಮಿಷ ಜಾಸ್ತಿ. ನಿನ್ನ ಪ್ರೋಗ್ರಾಮು ಹನ್ನೆರಡೂ ಮುಕ್ಕಾಲಿಗೆ ಮುಂಚೇನೇ ಮುಗಿದಿದೆ."

ಎರಡು ವರ್ಷ ಕಂಪ್ಯೂಟರ್ ಓದಿದ ನನಗೆ ಹೊಳೆಯದ್ದನ್ನು ಅಮ್ಮ ನಿಂತಲ್ಲೇ ಬಿಡಿಸಿಟ್ಟಳು! ಅಂದರೆ ನಾನು ಗೆದ್ದಿದ್ದೆ! ಕುಣಿಯಲು ಕಾಲೆತ್ತಿದೆ. ಡ್ರೈವರ್ ಮುಖ ನೋಡಿ ಇಳಿಸಿದೆ.

ಅಮ್ಮ ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದ ಆಫೀಸಿಗೆ ನಡೆದಳು. ಹಿಂದೆ ಡ್ರೈವರ್, ಅವರ ಹಿಂದೆ ತಲೆ ತಗ್ಗಿಸಿ ನಾನು. ಅಲ್ಲಿ ಕಾಗದ ಕೇಳಿ ಪಡೆದು ಎರಡೇ ಸಾಲು ಬರೆದಳು: "ಮುಳ್ಳು ತಿರುಗಿಸಿದ ಕೈ ನನ್ನದು. ತಪ್ಪೂ ನನ್ನದೇ." ಮಗಳ ಸುದ್ದಿ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅಧಿಕಾರಿ ಎರಡು ಸಲ ಓದಿದರು. "ಮೂವತ್ತು ವರ್ಷದಲ್ಲಿ ನಿಮ್ಮ ಮೊದಲನೇ ತಪ್ಪಮ್ಮಾ ಇದು. ಚೌಕಟ್ಟು ಹಾಕಿಸಿ ಇಡಬೇಕು!" ಎಂದು ನಕ್ಕು, ಡ್ರೈವರ್ ಕಡೆ ತಿರುಗಿದರು. "ನಾಳೆ ಬನ್ರೀ ಕೆಲಸಕ್ಕೆ."

ಮನೆಗೆ ಬಂದ ಅಮ್ಮ ಬೆಸುಗೆ ಕಡ್ಡಿ ಬಿಸಿ ಮಾಡಿ, ನನಗೆ ಒಂದು ಗಂಟೆ ಹಿಡಿದ ಕೆಲಸವನ್ನು ನಾಲ್ಕೇ ನಿಮಿಷದಲ್ಲಿ ಮಾಡಿ, ಹಳೆಯ ಹರಳನ್ನು ಅದರ ಜಾಗಕ್ಕೆ ಕೂರಿಸಿದಳು.

"ಆದ್ರೂ ಅಮ್ಮ, ಅದು ನಿಜವಾಗ್ಲೂ ಚುರುಕಾಗಿತ್ತಲ್ಲ!" ನಾನು ಕೊನೆಯ ಸಲ ಗೊಣಗಿದೆ.

ಅಮ್ಮ ಕಣ್ಣಿನ ಭೂತಗನ್ನಡಿ ತೆಗೆದಳು.

"ಮುಂದೆ ಓಡೋ ಗಡಿಯಾರ ಎಷ್ಟೋ ಜನ ತಂದಿದಾರೆ ಕಣೇ. ಒಬ್ಬರೂ 'ಚುರುಕಾಗಿದೆ' ಅಂತ ತಂದಿಲ್ಲ. 'ಕೆಟ್ಟಿದೆ' ಅಂತಾನೇ ತಂದಿದ್ದು."