ಅದೆಲಿನೊ ಎಬ್ಬಿಸಿದ ಹೊಗೆ

ಸಂಜೆ ಆರಕ್ಕೆ ಮೀಟಿಂಗು. ಅಷ್ಟರೊಳಗೆ ಕಟ್ಟಡದ ಉಳಿದ ಹದಿಮೂರು ಮನೆಯವರಿಗೂ ತನ್ನ ಮುಖ ಕಂಡರೆ ಆಗಬಾರದು ಎಂದು ಅದೆಲಿನೊ ತೀರ್ಮಾನಿಸಿದ್ದ.

ಕಾರಣ ಇತ್ತು. ಬರೇರೊ ಊರಿನ ಈ ಹಳೇ ಕಟ್ಟಡಕ್ಕೆ ವರ್ಷಕ್ಕೊಮ್ಮೆ ನಿವಾಸಿಗಳೇ ಕೂತು ಒಬ್ಬ ಕಾರ್ಯದರ್ಶಿಯನ್ನು ಆರಿಸಬೇಕು. ಲಿಫ್ಟ್ ಕೆಟ್ಟರೆ ಅವನು, ಮಾಳಿಗೆ ಸೋರಿದರೆ ಅವನು, ಮೆಟ್ಟಿಲ ಮೇಲೆ ನಾಯಿ ಗಲೀಜು ಮಾಡಿದರೂ ಅವನೇ. ಹೋದ ವರ್ಷದವರು ಬ್ರಾಗಾ ಊರಲ್ಲಿರುವ ತಂಗಿ ಮನೆಗೆ ಹೋದವರು ವರ್ಷ ಮುಗಿಯುವ ತನಕ ಬರಲೇ ಇಲ್ಲ. ಅದಕ್ಕೂ ಹಿಂದಿನವರು ಕಿವಿ ಕೇಳಿಸುವುದಿಲ್ಲ ಅಂತ ಡಾಕ್ಟರ ಚೀಟಿ ತಂದರು. ಈ ಸಲ "ಅದೆಲಿನೊ ಒಳ್ಳೇ ಮನುಷ್ಯ" ಎಂಬ ಮಾತು ಮನೆಯಿಂದ ಮನೆಗೆ ಹಬ್ಬಿತ್ತು. ದೋಣಿಕಟ್ಟೆಯಲ್ಲಿ ವಾರವೆಲ್ಲ ಟಿಕೆಟ್ ಹರಿದು, ಭಾನುವಾರ ಒಂದೇ ಒಂದು ದಿನ ಹೊಳೆದಂಡೆಯಲ್ಲಿ ಗಾಳ ಹಾಕಿಕೊಂಡು ಕೂರುವವನು ಪಾಪ. ಅದೂ ಹೋದರೆ ಬದುಕಿ ಏನು ಸುಖ, ಹೇಳಿ.

ಸರಿ, ಶನಿವಾರ ಕೆಲಸಕ್ಕೆ ರಜೆ ಹಾಕಿ, ಹತ್ತು ಗಂಟೆಗೆ ಎರಡನೇ ಮಹಡಿ ಬಲಗಡೆಯ ತನ್ನ ಮನೆಯ ಬಾಲ್ಕನಿಯಲ್ಲಿ ಇದ್ದಿಲ ಒಲೆ ಹೊತ್ತಿಸಿದ. ಬೆಳ್ಳುಳ್ಳಿ, ನಿಂಬೆ, ಮೆಣಸಿನಕಾಯಿ ಅರೆದು ಹಚ್ಚಿ ನೆನೆಸಿಟ್ಟ ಕೋಳಿಯ ಕಾಲು, ತೊಡೆಗಳನ್ನು ಮೂಳೆಸಮೇತ ಜೋಡಿಸಿದ. ಆಲಿವ್ ಎಣ್ಣೆಯನ್ನು ಬೇಕಂತಲೇ ಕೆಂಡಕ್ಕೆ ಸುರಿದ. ಹೊಗೆ ದಪ್ಪಗೆ ಎದ್ದು ಮೇಲಿನ ಮನೆಗಳಿಗೆ ಹೊರಟಿತು.

"ರೀ, ತಲೆಗಿಲೆ ಕೆಟ್ಟಿದೆಯಾ? ಮೇಲೆ ಎಲ್ಲರ ಬಟ್ಟೆ ಒಣಗ್ತಿದೆ!" ಎಂದಳು ಹೆಂಡತಿ ಎರ್ಮೆಲಿಂದಾ.

"ಗೊತ್ತು. ಅದಕ್ಕೇ."

ಬೈದವರನ್ನು ಮಾತಾಡಿಸಿ ಸಮಾಧಾನ ಮಾಡಿದರೆ ಕೆಲಸ ಕೆಟ್ಟಿತು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡ.

ಮೂರನೇ ಮಹಡಿಯಿಂದ ದೋನಾ ಸೆಲೆಸ್ತಿನಾ ಅರ್ಧ ಮೈ ಹೊರಹಾಕಿದರು. "ಅಯ್ಯೋ ನನ್ನ ಬಿಳೀ ಮೇಜುಬಟ್ಟೆ! ಮೊಮ್ಮಗಳ ಜ್ಞಾನಸ್ನಾನದ ಊಟಕ್ಕೆ ಅಂತ ಒಗೆದಿದ್ದು ಕಣೋ! ನಿನ್ ಕೈ ಸೇದ್ಹೋಗ!"

ಅದೆಲಿನೊ ಒಂದು ತೊಡೆ ಮಗುಚಿ ಹಾಕಿದ.

ಹನ್ನೊಂದಕ್ಕೆ ನಿವೃತ್ತ ಸಾರ್ಜೆಂಟ್ ಬೆರ್ನಾರ್ದಿನೊ ನಿಯಮಾವಳಿ ಹಿಡಿದು ಒಳಗೇ ಬಂದರು. ಏಳು ನಿಮಿಷ ನಿಂತು ಓದಿದರು. ಕೊನೆಗೆ, "ಅಲ್ಲಯ್ಯಾ, ಮೂಳೆ ಕಡೆ ಮೊದಲು ಕೆಂಡಕ್ಕೆ ಕೊಡ್ಬೇಕು. ಅಷ್ಟೂ ಗೊತ್ತಿಲ್ವಾ ನಿಂಗೆ?" ಎಂದರು. ಮೂಳೆ ಕಡೆಯೇ ಕೊಟ್ಟಿದ್ದ ಅದೆಲಿನೊಗೆ ಮೈಯೆಲ್ಲ ಉರಿದುಹೋಯಿತು. ಕೆಂಡಕ್ಕೆ ಇನ್ನೊಂದಿಷ್ಟು ಎಣ್ಣೆ ಸುರಿದ.

ಮಧ್ಯಾಹ್ನ ಯಾರೋ ಫೋನ್ ಮಾಡಿ ಅಗ್ನಿಶಾಮಕದವರನ್ನೂ ಕರೆಸಿದರು. ಇಬ್ಬರು ಹೆಲ್ಮೆಟ್ ಹಾಕಿಕೊಂಡು ಬಂದು ನೋಡಿ, ಚೆನ್ನಾಗಿ ಉಗಿದು, ಒಂದೊಂದು ಕಾಲು ತಿಂದು, "ಉಪ್ಪು ಕಮ್ಮಿ" ಅಂತ ಹೇಳಿ ಹೋದರು. ಎರ್ಮೆಲಿಂದಾ ನಾಚಿಕೆಯಿಂದ ಅಕ್ಕನ ಮನೆಗೆ ನಡೆದಳು. ನಾಲ್ಕು ಗಂಟೆ ಹೊತ್ತಿಗೆ ಬಾಗಿಲಲ್ಲಿ ಬೈಯುವವರ ಸಾಲು ನಿಂತಿತ್ತು. ಅದೆಲಿನೊ ಎರಡನೇ ಸರ್ತಿ ಇದ್ದಿಲು ಹಾಕಿದ.

ಆರಕ್ಕೆ ಎಲ್ಲರೂ ಮೆಟ್ಟಿಲ ಬುಡದಲ್ಲಿ ಸೇರಿದರು. ಅದೆಲಿನೊ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅವನಿಗೆ ಒಳಗೊಳಗೇ ಹಿಗ್ಗು.

ಸಾರ್ಜೆಂಟರು ಎದ್ದರು. "ಹಿಂದಿನವರೆಲ್ಲ ಯಾಕೆ ಓಡಿಹೋದ್ರು? ನಮ್ಮ ಬೈಗುಳ ತಡೀಲಾರದೆ. ಇವತ್ತು ಈ ಮನುಷ್ಯ ಬೆಳಿಗ್ಗೆಯಿಂದ ಹದಿಮೂರು ಮನೆಯವರ ಕೈಲೂ ಉಗಿಸ್ಕೊಂಡ. ಒಂದು ಮಾತಾಡಿದ್ನಾ? ಇಲ್ಲ. ಕೈಲಿದ್ದ ಇಕ್ಕಳ ನಡುಗ್ತಾ? ಇಲ್ಲ. ಇಂಥ ದಪ್ಪ ಚರ್ಮದವನು ಇಷ್ಟು ವರ್ಷ ನಮ್ಮ ನಡುವೇನೇ ಇದ್ದ, ನಮಗೆ ಗೊತ್ತೇ ಆಗ್ಲಿಲ್ವಲ್ಲ!"

ಮೊದಲು ಕೈ ಎತ್ತಿದವರು ದೋನಾ ಸೆಲೆಸ್ತಿನಾ. ಆಮೇಲೆ ಉಳಿದ ಹನ್ನೆರಡು ಕೈ.

"ತಪ್ಪಾಯ್ತು! ದಮ್ಮಯ್ಯ, ಬಿಟ್ಬಿಡಿ!" ಅದೆಲಿನೊ ಎದ್ದು ನಿಂತು ಕೈಮುಗಿದ.

"ನೋಡಿ, ವಿನಯಾನೂ ಇದೆ," ಎಂದರು ಸೆಲೆಸ್ತಿನಾ.

ಸಾರ್ಜೆಂಟರು ಮಾಳಿಗೆಯ ಬೀಗದ ಕೈ ಕೊಟ್ಟು, ಬೆನ್ನು ತಟ್ಟಿ, ಒಂದು ಕಾಗದವನ್ನೂ ಕೈಗಿಟ್ಟರು. ಎರಡನೇ ಮಹಡಿ ಬಲಗಡೆ ಮನೆಯ ಹೊಗೆಯ ಮೇಲೆ ದೂರು, ಹದಿಮೂರು ಮನೆಯವರ ಸಹಿ.

"ನಾಳೆ ಭಾನುವಾರ, ಎಲ್ಲರೂ ಮನೇಲೇ ಇರ್ತೀವಿ," ಎಂದರು. "ಬೆಳಿಗ್ಗೆ ಏಳಕ್ಕೇ ವಿಚಾರಣೆ ಶುರು ಮಾಡ್ಬಿಡಿ, ಕಾರ್ಯದರ್ಶಿಗಳೇ."