ಕೆಂಪವ್ವನ ಐದು ನಿಮಿಷ

ಮುರಗೆಪ್ಪ ಮಾಸ್ತರರ ಫಜೀತಿಗೆಲ್ಲ ಕಾರಣ ಒಂದು ಹಿತ್ತಾಳೆ ದೀಪ.

ಏಕಸಂಬಿಯ ಆಚೆಗಿರುವ ಅವರ ಊರಿನವರು ವರ್ಷಕ್ಕೊಂದು ಮಂಗಳವಾರ ಮನೆಗಳಿಗೆಲ್ಲ ಕೀಲಿ ಹಾಕಿ, ಮುಂಜಾನೆಯಿಂದ ಹೊತ್ತು ಮುಳುಗುವವರೆಗೆ ಹೊಲದಲ್ಲಿರುತ್ತಾರೆ; ಇದಕ್ಕೆ ಹೊರಬೀಡು ಎನ್ನುತ್ತಾರೆ. ಊರೊಳಗೆ ಒಂದು ನರಪಿಳ್ಳೆಯೂ ಉಳಿಯುವಂತಿಲ್ಲ. ಉಳಿದರೆ ಹೊರಬೀಡು ಕೆಟ್ಟಿತು, ಮತ್ತೆ ಐದು ಮಂಗಳವಾರ ಊರು ಬಿಡಬೇಕು. ನೂರು ವರ್ಷದ ಹಿಂದೆ ಪ್ಲೇಗು ಬಂದು ಜನ ಓಡಿಹೋದಾಗ ಖಾಲಿ ಊರಲ್ಲಿ ದಿನಾ ಸಂಜೆ ಒಂದು ದೀಪ ಕಾಣುತ್ತಿತ್ತಂತೆ. ಊರದೇವತೆ ದ್ಯಾಮವ್ವನೇ ಹಚ್ಚುತ್ತಿದ್ದಳೆಂದು ಊರಿನ ನಂಬಿಕೆ.

ಹಚ್ಚಿದವಳು ತಮ್ಮ ಮುತ್ತಜ್ಜಿ ಕೆಂಪವ್ವ ಎಂದು ಮಾಸ್ತರರಿಗೆ ಗೊತ್ತಿತ್ತು. ಊರು ಕಾಯಲಿಕ್ಕೆಂದು ಮುದುಕಿ ತಾನಾಗಿಯೇ ಉಳಿದಳು, ಅಲ್ಲೇ ಸತ್ತಳು ಎಂದು ಅಜ್ಜ ಸಾಯುವ ಮುಂದೆ ಹೇಳಿದ್ದ. ಅವಳ ಹೆಸರು ಊರಲ್ಲಿ ಒಬ್ಬರ ಬಾಯಲ್ಲೂ ಇಲ್ಲವೆಂಬ ಸಂಕಟ ಮಾಸ್ತರರಿಗೆ. ಮೂರು ವರ್ಷ ಬೆನ್ನು ಹತ್ತಿದ ಮೇಲೆ ಹೊರಬೀಡಿನ ದಿನ ಅವಳ ಕುರಿತು ಭಾಷಣ ಮಾಡಲಿಕ್ಕೆ ಊರ ಹಿರಿಯ ದುಂಡೇಶ ಈ ಸಲ ಒಪ್ಪಿದ್ದ.

"ಐದ ನಿಮಿಷ ನೋಡ್ರಿ ಮಾಸ್ತರ, ಊಟಕ್ಕಿಂತ ಮೊದಲ. ಹೋಳಿಗಿ ಬಂದ ಮ್ಯಾಲ ನಿಮ್ಮ ಮಾತ ಯಾರೂ ಕೇಳಂಗಿಲ್ಲ."

ಹೊರಡುವ ಗಡಿಬಿಡಿಯಲ್ಲಿ ಮಾಸ್ತರರಿಗೆ ಮನೆಯಲ್ಲಿ ಉಳಿದಿದ್ದ ಕೆಂಪವ್ವನ ಹಿತ್ತಾಳೆ ದೀಪ ನೆನಪಾಯಿತು. ಜನರಿಗೆ ತೋರಿಸಬೇಕಲ್ಲ! ಹಿಂದಿನ ಕೋಣೆಯ ಅಟ್ಟದಲ್ಲಿ ಹುಡುಕುತ್ತಿದ್ದಾಗ ಹೊರಗೆ ಟ್ರ್ಯಾಕ್ಟರ್ ಗುಡುಗಿತು, ಬಾಗಿಲು ಮುಚ್ಚಿತು, ಕೀಲಿ ಬಿತ್ತು.

"ಏ ರುಕ್ಮವ್ವಾ! ನಾ ಒಳಗ ಅದೇನಿ! ಕೀಲಿ ತಗಿ!"

ಟ್ರ್ಯಾಕ್ಟರಿನ ಮುಂದೆ ಮಾಸ್ತರರ ದನಿ ಕೇಳಿಸುವುದುಂಟೇ? ಮೊಬೈಲು ಹೆಂಡತಿ ರುಕ್ಮವ್ವನ ಚೀಲದಲ್ಲಿತ್ತು. ಹಿತ್ತಲ ಬಾಗಿಲಿಗೂ ಹೊರಗಿನಿಂದ ಕೀಲಿ. ಮಾಳಿಗೆ ಹತ್ತಿದರು, ಆದರೆ ಎಪ್ಪತ್ತರ ಮೊಣಕಾಲಿಗೆ ಕೆಳಗೆ ಜಿಗಿಯುವ ಧೈರ್ಯವಿರಲಿಲ್ಲ.

ಮಧ್ಯಾಹ್ನ ಕಬ್ಬಿನ ಆಚೆಯಿಂದ ದುಂಡೇಶನ ಮೈಕು ಕೇಳಿಸಿತು. "ಮುರಗೆಪ್ಪ ಮಾಸ್ತರ ಎಲ್ಲಿದ್ರೂ ಮೈಕಿನ ಕಡೆ ಬರ್ರಿ!"

"ಇಲ್ಲೇ ಅದೇನ್ರಿ!" ಮಾಸ್ತರರು ರುಮಾಲು ಬಿಚ್ಚಿ ಬೀಸಿದರು. ಸಾಲದೆಂದು ಧೋತರವನ್ನೂ ಬಿಚ್ಚಿ ಬೀಸಿದರು. ನೋಡಲಿಕ್ಕೆ ನಾಯಿಗಳ ಹೊರತು ಯಾರೂ ಇರಲಿಲ್ಲ.

"ಅಂಜಿ ಎಲ್ಲೋ ಅಡಗಿ ಕುಂತಾರ ಕಾಣತೈತಿ. ಆತು, ಹೋಳಿಗಿ ತರ್ರಿ!"

ಮನೆಯಲ್ಲಿ ಆವತ್ತು ಬೆಂದ ಒಂದು ಅಗುಳೂ ಇರಲಿಲ್ಲ.

ಹೊತ್ತು ಮುಳುಗಿತು. ಮಾಸ್ತರರು ಕೆಂಪವ್ವನ ದೀಪ ಹಚ್ಚಿ ಮಾಳಿಗೆಯ ಅಂಚಿಗಿಟ್ಟರು. ಇಲ್ಲೊಬ್ಬ ಇದ್ದಾನೆಂದು ಯಾರಿಗಾದರೂ ತಿಳಿಯಲಿ ಎಂದು. ಆ ಬೆಳಕಲ್ಲಿ ಭಾಷಣದ ಕಾಗದ ಬಿಚ್ಚಿದರೆ 'ತಾನಾಗಿಯೇ ಉಳಿದಳು' ಎಂಬಲ್ಲಿ ಕಣ್ಣು ನಿಂತಿತು. ಎಲ್ಲಿಯ ಊರು ಕಾಯುವುದು! ಮುದುಕಿ ದೀಪ ಹಚ್ಚಿ ಜನರನ್ನು ಕರೆದಿದ್ದಳು. ದಿನಾ ಸಂಜೆ ಕರೆದಿದ್ದಳು, ಯಾರೂ ಬರಲಿಲ್ಲ. ಮಾಸ್ತರರು ಸಣ್ಣ ಮಗುವಿನಂತೆ ಅತ್ತರು. ಆ ಸಾಲನ್ನು ಹೊಡೆದುಹಾಕಿ, ನಿಜವನ್ನು ಇವತ್ತೇ ಹೇಳಿಬಿಡಬೇಕೆಂದು ನಿಶ್ಚಯಿಸಿದರು.

ಅಷ್ಟರಲ್ಲಿ ಹೊಲದ ದಾರಿಯಲ್ಲಿ ಗದ್ದಲವೆದ್ದಿತು. "ದೀಪ! ದ್ಯಾಮವ್ವ ದೀಪ ಹಚ್ಯಾಳ ನೋಡ್ರೋ!" ಊರಿಗೆ ಊರೇ ಮನೆಯ ಮುಂದೆ ಅಡ್ಡಬಿತ್ತು.

ರುಕ್ಮವ್ವ ಕೀಲಿ ತೆಗೆದು ಒಬ್ಬಳೇ ಒಳಗೆ ಬಂದಳು. ಗಂಡನನ್ನು ಕಂಡು ಕಾಲ ಬಳಿ ಕುಸಿದಳು.

"ನೀವ ದುಂಡೇಶಣ್ಣನ ಟ್ರ್ಯಾಕ್ಟರದಾಗ ಹೋಗೀರಿ ಅಂತ ತಿಳದಿದ್ನಿ. ಮಧ್ಯಾಹ್ನ ನಿಮಗ ಫೋನ ಹಚ್ಚಿದ್ರು, ಅದು ನನ್ನ ಚೀಲದಾಗ ಹೊಡಕೊಂತು. ಆಗ ತಿಳೀತ್ರಿ ನನಗ. ಹೇಳಾಕ ಬಾಯಿ ಬರಲಿಲ್ಲ. ಗಂಡನ್ನ ಒಳಗ ಹಾಕಿ ಹೊರಬೀಡ ಕೆಡಿಸಿದಾಕಿ ಅಂತ ಸಾಯೂತನಕ ಅಂತಾರ್ರಿ."

ಮಾಸ್ತರರು ಕೈಯಲ್ಲಿದ್ದ ಕಾಗದ ನೋಡಿದರು. ಮುದುಕಿಯನ್ನು ಬಿಟ್ಟು ಬಂದೆವೆನ್ನಲು ಅಜ್ಜನ ಮನೆಯವರಿಗೂ ಹೀಗೆಯೇ ಬಾಯಿ ಬಂದಿರಲಿಕ್ಕಿಲ್ಲ. ಅದಕ್ಕೇ ಮುದುಕಿ 'ತಾನಾಗಿಯೇ' ಉಳಿದದ್ದು.

ಕಾಗದ ಹಿಡಿದುಕೊಂಡೇ ಹೊರಗೆ ಬಂದರು. ಎಲ್ಲರ ಹಣೆಯೂ ನೆಲಕ್ಕೆ ಹತ್ತಿದ್ದರಿಂದ ಅವರು ಎಲ್ಲಿಂದ ಬಂದರೆಂದು ಯಾರೂ ನೋಡಲಿಲ್ಲ.

"ಹಗಲೆಲ್ಲಾ ಎಲ್ಲಿದ್ರಿ ಮಾಸ್ತರ?" ದುಂಡೇಶ ತಲೆಯೆತ್ತಿ ಕೇಳಿದ. "ದೀಪಾದ್ರೂ ಕಂಡ್ರಿಲ್ಲೋ?"

ಹಿಂದೆ ಬಾಗಿಲಲ್ಲಿ ರುಕ್ಮವ್ವ ಉಸಿರು ಹಿಡಿದು ನಿಂತಿದ್ದಳು.

"ಕಬ್ಬಿನ ಬದುವಿನ್ಯಾಗ ಕುಂತಿದ್ನಿ," ಎಂದರು ಮಾಸ್ತರರು. "ಕಂಡ್ನಿ. ದ್ಯಾಮವ್ವನೇ ಹಚ್ಚಿದ್ಲು."

"ಅಬ್ಬಬ್ಬಾ! ಮುಂದಿನ ವರ್ಷ ಐದ ನಿಮಿಷ ಅಲ್ರಿ, ನಿಮಗ ಅರ್ಧಾ ತಾಸ! ಕಣ್ಣಾರೆ ಕಂಡದ್ದು ನೀವಽ ಹೇಳಬೇಕ!"

ಮಾಸ್ತರರು ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಅದರ ಮೊದಲ ಸಾಲಿನಲ್ಲಿ ಕೆಂಪವ್ವನ ಹೆಸರಿತ್ತು.