ಸಂಶಿ ಶಿಬಿರದಲ್ಲಿ ಬಾಯಿ ಮುಕ್ಕಳಿಸಿದವರು ಎಲ್ಲಿ ಉಗುಳತಕ್ಕದ್ದು ಎಂಬ ಬಗ್ಗೆ

ಬಾಯಿ-ವಾಯು ಶುದ್ಧಿ ಇಲಾಖೆ
(ಸಂಚಾರಿ ಹಲ್ಲಿನ ಶಿಬಿರ ಶಾಖೆ)

ಸಂಖ್ಯೆ: ಬಾವಾಶು/ಮುಕ್ಕಳಿಕೆ/17/1986-87

ವಿಷಯ: ಹಲ್ಲು ಕೊರೆಯುವಾಗ ಗಾಳಿಗೆ ಹಾರುವ ಕ್ರಿಮಿಗಳನ್ನು ತಗ್ಗಿಸಲು ಕ್ರಿಮಿನಾಶಕ ದ್ರಾವಣದಿಂದ ಬಾಯಿ ಮುಕ್ಕಳಿಸುವ ಬಗ್ಗೆ.

ಉಲ್ಲೇಖ: 1. ಸಂಶಿ ಶಿಬಿರದ ದಂತವೈದ್ಯರ ಪತ್ರ.
2. ಸದರಿ ಪತ್ರ ತಲುಪಿಲ್ಲವೆಂದು ಅದರ ಹಿಂಬದಿಯಲ್ಲೇ ಬರೆದ ಈ ಕಚೇರಿಯ ಉತ್ತರ.

ಕೊರೆಯುವ ಯಂತ್ರ ತಿರುಗಿದೊಡನೆ ರೋಗಿಯ ಬಾಯಿಯ ಕ್ರಿಮಿಗಳು ತುಂತುರಿನೊಂದಿಗೆ ಮೇಲೆದ್ದು ವೈದ್ಯರ ಮೂಗು ಸೇರುತ್ತವೆಂದೂ, ಮೊದಲೇ ಮುಕ್ಕಳಿಸಿ ಉಗುಳಿದರೆ ಅವು ಕಡಿಮೆಯಾಗುತ್ತವೆಂದೂ ತಿಳಿದುಬಂದಿದ್ದರಿಂದ, ಮುಕ್ಕಳಿಸದವರ ಹಲ್ಲನ್ನು ಮುಟ್ಟಕೂಡದೆಂದು ಆದೇಶಿಸಲಾಗಿತ್ತು. ಇದರಿಂದ ಸಂಶಿಯ ರೇಣುಕವ್ವ ಎಂಬುವರ ಹುಳುಕು ದವಡೆ ಹಲ್ಲು, ಶಿಬಿರವು ಸಂತೆಯ ದಿನ ಮಾತ್ರ ನಡೆಯುವುದರಿಂದ, ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಮುಂದೂಡಲ್ಪಟ್ಟು, ಸದರಿಯವರು ಬರೀ ಅಂಬಲಿ ಕುಡಿದು ದಿನ ದೂಡಿದ್ದು ಗಮನಕ್ಕೆ ಬಂದಿದೆ. ಆದಕಾರಣ ಎಲ್ಲ ಶಿಬಿರಗಳಿಗೆ ಈ ಕೆಳಗಿನಂತೆ ತಾಕೀತು ಮಾಡಲಾಗಿದೆ:

1. ದ್ರಾವಣವನ್ನು ಚಮಚದಿಂದ ಅಂಗೈಗೆ ಹಾಕತಕ್ಕದ್ದಲ್ಲ. ಮೊದಲ ಸಂತೆಯಂದು ಹಾಗೆ ಹಾಕಿದಾಗ ರೇಣುಕವ್ವನವರು ಚಪ್ಪಲಿ ಕಳಚಿ, ಬಲಗೈಯೊಡ್ಡಿ ಸ್ವೀಕರಿಸಿ, ನುಂಗಿ, ಒದ್ದೆ ಕೈಯನ್ನು ನೆತ್ತಿಗೆ ಒರೆಸಿಕೊಂಡಿರುತ್ತಾರೆ. ಉಗುಳಬೇಕಿತ್ತೆಂದು ತಿಳಿಸಲಾಗಿ, "ಕೈಯಾಗ ಹಾಕಿದ ತೀರ್ಥ ಯಾರರ ಉಗುಳತಾರೇನ್ರಿ ಡಾಕ್ಟರ?" ಎಂದು ಹೇಳಿಕೆ ನೀಡಿರುತ್ತಾರೆ. ಇದನ್ನು ಕಂಡು ಹಲ್ಲುನೋವಿಲ್ಲದವರೂ ಸಾಲುಗಟ್ಟಿ ಕೈಯೊಡ್ಡಿದ್ದರಿಂದ ಶೀಸೆ ಬರಿದಾಗಿ, ಅಂದು ಯಂತ್ರ ತಿರುಗಿರುವುದಿಲ್ಲ.

2. ಇನ್ನು ಮುಂದೆ ಲೋಟ ಬಳಸುವುದು. ಲೋಟ ಎತ್ತಿ ಮೇಲಿನಿಂದ ಸುರಿದುಕೊಳ್ಳುವ ರೂಢಿಯವರು ತಮ್ಮ ಮೂಗಿನ ಹೊಳ್ಳೆಗಳಿಗೆ ತಾವೇ ಜವಾಬ್ದಾರರು.

3. ಬಾಯಲ್ಲಿರುವ ದ್ರಾವಣವನ್ನು ನುಂಗಕೂಡದು. ಶಿಬಿರದ ಗೋಡೆಗಳಿಗೂ, ಹಿತ್ತಲಿನ ಬೇವಿನ ಮರಕ್ಕೂ "ಇಲ್ಲಿ ಉಗುಳಬಾರದು" ಎಂದು ಇದೇ ಇಲಾಖೆ ಬರೆಸಿರುವುದರಿಂದ ಉಗುಳಲೂ ಕೂಡದು. ಎರಡನೆಯ ಸಂತೆಯಂದು ಬಾಯಿ ತುಂಬಿಕೊಂಡು ಎದ್ದ ರೇಣುಕವ್ವನವರನ್ನು ಜವಾನ ಮೈಲಾರಪ್ಪ, "ಯಕ್ಕಾ, ನುಂಗಬ್ಯಾಡ, ಉಗುಳಬ್ಯಾಡ, ಸಾಹೇಬ್ರು ಬರೂತನಾ ಹಂಗ ಕುಂದ್ರು" ಎಂದು ತಡೆದದ್ದು ನಿಯಮಬದ್ಧವಾಗಿರುತ್ತದೆ.

4. ತುಂಬಿದ ಬಾಯಿಗೆ ಯಾವ ಅಧಿಕಾರಿಯೂ ಪ್ರಶ್ನೆ ಹಾಕಕೂಡದು. ಸ್ಥಳ ಪರಿಶೀಲನೆಗೆ ಬಂದ ಉಪನಿರ್ದೇಶಕರು ಹತ್ತಿರ ಬಾಗಿ, "ಗಲ್ಲ ಭಾಳ ಊದೈತಲ್ಲವಾ, ಯಾವಾಗಿಂದ?" ಎಂದು ವಿಚಾರಿಸಲಾಗಿ, ಸರಕಾರ ಕೇಳಿದ್ದಕ್ಕೆ ಉತ್ತರಿಸಲೇಬೇಕೆಂದು ಸದರಿಯವರು ಬಾಯಿ ತೆರೆದಿರುತ್ತಾರೆ. ಗುಲಾಬಿ ಬಣ್ಣದ ಸಮಗ್ರ ದ್ರಾವಣವು ಉಪನಿರ್ದೇಶಕರ ಬಿಳಿ ಅಂಗಿಗೆ ಸಂದಾಯವಾಗಿದೆ. "ಇಗಾ, ಇಳೀತ ನೋಡ್ರಿ ಸಾಹೇಬ್ರ" ಎಂಬ ಉತ್ತರವನ್ನು ತೃಪ್ತಿಕರವೆಂದು ಪರಿಗಣಿಸಲಾಗಿದೆ.

5. ಅಂಗಿಯ ಮೇಲೆ ಉಗುಳಬಾರದೆಂದು ಎಲ್ಲಿಯೂ ಬರೆಸಿಲ್ಲವಾದ್ದರಿಂದ ದಂಡಕ್ಕೆ ಅವಕಾಶವಿರುವುದಿಲ್ಲ. ಮುಕ್ಕಳಿಕೆ ವಿಧಿವತ್ತಾಗಿ ಮುಗಿದಿದ್ದರಿಂದ ಅಂದೇ ಹಲ್ಲು ಕೊರೆದು ತುಂಬಲಾಗಿದೆ. ಮರುದಿನ ರೇಣುಕವ್ವನವರು ಒಣಗಿ ಗಟ್ಟಿಯಾದ ಕಟಕ ರೊಟ್ಟಿ ತಿಂದ ಸಪ್ಪಳ ಬಾಜೂ ಮನೆಯವರಿಂದ ದೃಢಪಟ್ಟಿದೆ.

6. ಇಲಾಖೆಯಲ್ಲಿ ಈವರೆಗೆ ಯಶಸ್ವಿಯಾದ ವಿಧಾನ ಇದೊಂದೇ ಆದಕಾರಣ, ಉಗುಳುವ ತೊಟ್ಟಿ ಮಂಜೂರಾಗುವವರೆಗೆ ಪ್ರತಿ ಶಿಬಿರಕ್ಕೂ ಅಂಗಿ ತೊಟ್ಟ ಒಬ್ಬ ಅಧಿಕಾರಿಯನ್ನು ತಪ್ಪದೆ ನಿಯೋಜಿಸತಕ್ಕದ್ದು.

(ಸಹಿ ಓದಲು ಬರುವುದಿಲ್ಲ)
ಉಪನಿರ್ದೇಶಕರ ಪರವಾಗಿ
(ಉಪನಿರ್ದೇಶಕರು ಅಂಗಿ ಬದಲಿಸಲು ಹೋಗಿರುವುದರಿಂದ)

ಪ್ರತಿಗಳು:
1. ದಂತವೈದ್ಯರು, ಸಂಶಿ ಶಿಬಿರ: ಮಾಹಿತಿಗಾಗಿ.
2. ಜವಾನ ಮೈಲಾರಪ್ಪ: ಸದ್ಯಕ್ಕೆ ಎಲ್ಲಿಯೂ ಹೊಸದಾಗಿ "ಉಗುಳಬಾರದು" ಎಂದು ಬರೆಸದಿರಲು.
3. ರೇಣುಕವ್ವ, ಸಂಶಿ: ಇನ್ನೊಂದು ಬದಿಯ ಹಲ್ಲು ನೋಯುವ ಮೊದಲು ಈ ಕಚೇರಿಗೆ ಮುನ್ಸೂಚನೆ ನೀಡಲು.
4. ಲಾಂಡ್ರಿ ಬಸವಣ್ಣೆಪ್ಪ, ಕುಂದಗೋಳ: ಮುಂದಿನ ಅಗತ್ಯ ಕ್ರಮಕ್ಕಾಗಿ.